ಅಮ್ಮನ ತೋಳಿನ ಮೇಲೆ ಕಂದುಗಟ್ಟಿದ ಗುರುತು: ಹಿರಿಯರನ್ನು ಆರೈಕೆ ಕೇಂದ್ರದಲ್ಲಿ ಇಟ್ಟವರು ಅನುಭವ ತಿಳಿಸಿ

ಪ್ರಶ್ನೆ, ಬೆಂಗಳೂರಿನಿಂದ:
ತಾಯಿಗೆ 79 ವರ್ಷ, ಮರೆವಿನ ಕಾಯಿಲೆ. ಎಂಟು ತಿಂಗಳಿಂದ ಖಾಸಗಿ ಆರೈಕೆ ಕೇಂದ್ರದಲ್ಲಿದ್ದಾರೆ. ಭಾನುವಾರ ಹೋದಾಗ ಬಲತೋಳು ಕಂದುಗಟ್ಟಿತ್ತು. ಬಚ್ಚಲಿನಲ್ಲಿ ಜಾರಿದರು ಎಂದರು. ಅಮ್ಮ ಬಾಯಿ ಬಿಡುತ್ತಿಲ್ಲ. ಏನು ಮಾಡಲಿ?

ಮೈಸೂರಿನಿಂದ:
ನಮಗೂ ಹೇಳಿದ್ದು ಇದೇ ಮಾತು. ಬಿದ್ದವರಿಗೆ ಸಾಮಾನ್ಯವಾಗಿ ಮಂಡಿ, ಮೊಣಕೈ, ಸೊಂಟಕ್ಕೆ ಪೆಟ್ಟಾಗುತ್ತದೆ. ನನ್ನ ಅತ್ತೆಯ ತೋಳಿನ ಹೊರಗಡೆ ನಾಲ್ಕು, ಒಳಗಡೆ ಒಂದು ಗುರುತು. ನನ್ನ ಬೆರಳುಗಳನ್ನು ಇಟ್ಟು ನೋಡಿದೆ, ಸರಿಯಾಗಿ ಕೂತವು. ಮುಂಗಡ ಒಂದು ಲಕ್ಷ, ತಿಂಗಳಿಗೆ 32,000, ಡೈಪರ್‌ಗೆ ಬೇರೆ 4,500. ಇಷ್ಟು ಸುರಿದರೂ ದಿನಕ್ಕೆ ಎರಡೇ ಡೈಪರ್ ಬದಲಿಸುತ್ತಿದ್ದರು. ಬೆನ್ನಿನ ಕೆಳಗೆ ನಾಣ್ಯದಷ್ಟು ಕೆಂಪಾಗಿದ್ದದ್ದು ಮೂರು ವಾರದಲ್ಲಿ ಮಾಂಸ ಕಾಣುವ ಹುಣ್ಣಾಯಿತು. ಇಂಥ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಸಹಿ ಹಾಕುವ ಪಟ್ಟಿ ಗೋಡೆಯ ಮೇಲಿತ್ತು. ನಾನು ಹೋದದ್ದು ಮಧ್ಯಾಹ್ನ 12ಕ್ಕೆ. ಸಂಜೆ 6ರವರೆಗಿನ ಸಹಿಗಳು ಆಗಲೇ ಬಿದ್ದಿದ್ದವು! ಹುಣ್ಣಿನ ಚಿಕಿತ್ಸೆಗೆ 86,000 ಖರ್ಚಾಯಿತು. ಮುಂಗಡದಲ್ಲಿ 40,000 ಇನ್ನೂ ವಾಪಸ್ ಕೊಟ್ಟಿಲ್ಲ.

ಹುಬ್ಬಳ್ಳಿಯಿಂದ:
ಹೆತ್ತವರನ್ನು ಅಲ್ಲಿ ಬಿಟ್ಟದ್ದೇ ಮೊದಲ ತಪ್ಪು. ನಾನು ಕೆಲಸ ಬಿಟ್ಟು ಅಪ್ಪನನ್ನು ಆರು ವರ್ಷ ಮನೆಯಲ್ಲೇ ನೋಡಿಕೊಂಡೆ. ಏಜೆನ್ಸಿಯವರು ಕಳಿಸಿದ ಆಯಾಗಳೇ ಹನ್ನೊಂದು ಜನ. ಒಬ್ಬಳು ರಾತ್ರಿ ತಾನು ನಿದ್ದೆ ಮಾಡಲೆಂದು ಅಪ್ಪನಿಗೆ ನಿದ್ರೆ ಮಾತ್ರೆ ಎರಡೆರಡು ಕೊಡುತ್ತಿದ್ದಳು. ಮಾತ್ರೆ ಎಣಿಸಿಟ್ಟು ಹಿಡಿದೆ, ಅಂದೇ ಕಳಿಸಿದೆ.

ಮೈಸೂರಿನಿಂದ:
ಅಂದರೆ ನಿಮ್ಮ ಕಣ್ಣೆದುರೇ, ನಿಮ್ಮ ಮನೆಯಲ್ಲೇ ಆಯಿತು. ನಮ್ಮನ್ನು ತಪ್ಪಿತಸ್ಥರೆನ್ನಲು ಯಾವ ಬಾಯಿ? ಬೆನ್ನಿನ ಶಸ್ತ್ರಚಿಕಿತ್ಸೆಯಾದ ನಾನು 70 ಕಿಲೋ ತೂಕದ ಅತ್ತೆಯನ್ನು ಎತ್ತುವುದು ಹೇಗೆ? ಬಂದು ಎತ್ತಿ ತೋರಿಸಿ.

ಶಿವಮೊಗ್ಗದಿಂದ:
ಗುರುತು ಮಾಸುವ ಮೊದಲು ದಿನಾಂಕ ಸಹಿತ ಫೋಟೋ ತೆಗೆಯಿರಿ, ಹೊರಗಿನ ವೈದ್ಯರಿಂದ ಗಾಯದ ವಿವರ ಬರೆಸಿಕೊಳ್ಳಿ. ಆರೈಕೆ ಕೇಂದ್ರದಲ್ಲಿದ್ದ ನನ್ನ ಚಿಕ್ಕಪ್ಪನ ತೂಕ ಐದು ತಿಂಗಳಲ್ಲಿ 58ರಿಂದ 47 ಕಿಲೋಗೆ ಇಳಿದಿತ್ತು. ವಯಸ್ಸಾಯಿತು, ಊಟ ಸೇರುವುದಿಲ್ಲ ಎಂದರು. ಹೇಳದೆ ಊಟದ ಹೊತ್ತಿಗೆ ಹೋದೆ. ಹಲ್ಲಿನ ಸೆಟ್ಟು ಡಬ್ಬಿಯಲ್ಲಿ ಒಣಗಿತ್ತು. ಎದುರಿಗೆ ಗಟ್ಟಿ ಚಪಾತಿ. ಆಯಾ ಒಳಗೆ ಬಂದ ಕೂಡಲೇ ಚಿಕ್ಕಪ್ಪ ಮಾತು ನಿಲ್ಲಿಸಿದರು. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿದೆ, ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದೆ. ಬೆಂಗಳೂರಿನವರಿಗೆ ಹಿರಿಯರ ಸಹಾಯವಾಣಿ 1090 ಕೂಡ ಇದೆ. ಆಮೇಲೆಯೇ ಕೇಂದ್ರದವರು ದಾರಿಗೆ ಬಂದದ್ದು.

ಹುಬ್ಬಳ್ಳಿಯಿಂದ:
ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯ ಮುಂದೆ ಹೋಗಿ, ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರ ಕಾಯ್ದೆ ಇದೆ.

ಶಿವಮೊಗ್ಗದಿಂದ:
ಓದದೆ ದಾರಿ ತಪ್ಪಿಸಬೇಡಿ. ಆ ನ್ಯಾಯಮಂಡಳಿ ಇರುವುದು ಮುಖ್ಯವಾಗಿ ಮಕ್ಕಳಿಂದ ಜೀವನಾಂಶ ಕೊಡಿಸಲು. ಹೊಡೆದದ್ದಕ್ಕೆ ಪೊಲೀಸರ ಬಳಿಯೇ ಹೋಗಬೇಕು.

ಹುಬ್ಬಳ್ಳಿಯಿಂದ:
ಓದಿದ್ದೇನೆ, ಅಲೆದೂ ಇದ್ದೇನೆ. ವಿದೇಶದಲ್ಲಿರುವ ಅಣ್ಣ ಆರು ವರ್ಷದಲ್ಲಿ ಒಂದು ಪೈಸೆ ಕಳಿಸಲಿಲ್ಲ. ಕಾಯ್ದೆಯಲ್ಲಿರುವ ಜೀವನಾಂಶದ ಮಿತಿ ತಿಂಗಳಿಗೆ 10,000. ಅಪ್ಪನ ಗಾಳಿ ಹಾಸಿಗೆ, ಡೈಪರ್, ಮಾತ್ರೆಗೇ ಅದು ಸಾಲದು.

ಪ್ರಶ್ನೆ, ಬೆಂಗಳೂರಿನಿಂದ:
ಈಗಷ್ಟೇ ಹೋಗಿ ನೋಡಿದೆ. ಹೊರಗೆ ನಾಲ್ಕು, ಒಳಗೆ ಒಂದು. ಅಮ್ಮನನ್ನು ಆಸ್ಪತ್ರೆಗೆ ಕರೆತಂದಿದ್ದೇನೆ.

ಮೈಸೂರಿನಿಂದ:
ಹುಬ್ಬಳ್ಳಿಯವರೇ, ನಿಮ್ಮ ಅಣ್ಣ ಕೊಡದಿದ್ದರೆ ಆ ಸಿಟ್ಟನ್ನು ಅವರ ಮೇಲೆ ತೀರಿಸಿಕೊಳ್ಳಿ. ನನ್ನ ಗಂಡ ಮತ್ತು ಮೈದುನ 32,000ವನ್ನು ಸಮನಾಗಿ ಹಂಚಿಕೊಂಡಿದ್ದರು. ಪ್ರತಿ ಭಾನುವಾರ ತಿಳಿಸಾರು ಅನ್ನ ಕಲಸಿ ಒಯ್ದು ತಿನ್ನಿಸಿದವಳು ನಾನು.