ಮೊಡವೆಯ ಹಂತಗಳಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಓದುವ ಮಕ್ಕಳಿಗೆಂದು ಮೊಡವೆ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಚರ್ಮದ ಡಾಕ್ಟರುಗಳು ಮೊಡವೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸುವುದುಂಟು. ಹಂತ ಯಾವುದೋ ಅದರ ಮೇಲೆ ಆರೈಕೆ. ಆ ಹಂತಗಳಿಗೆ ಹೆಸರು ಬೇಕಾಗಿದೆ.

‘ಸೌಮ್ಯ, ಮಧ್ಯಮ, ತೀವ್ರ’ ಅಂತ ಬರೆಯುವುದು ರೂಢಿ. ‘ಸೌಮ್ಯ ಮೊಡವೆ’ ಅಂದರೆ ಕೈಕಟ್ಟಿ ನಿಂತ ಮೊಡವೆಯ ಹಾಗೆ ಕೇಳುತ್ತೆ, ಅಲ್ವಾ? ‘ತೀವ್ರ’ ಎಂಬುದನ್ನು ದಿಢೀರನೆ ಬರುವ ಕಾಯಿಲೆಗೂ ಬಳಸುತ್ತೇವೆ. ಮೊಡವೆ ವರ್ಷಗಟ್ಟಲೆ ಕಾಡುವಂಥದ್ದು. ‘ಕಡಿಮೆ, ಜಾಸ್ತಿ’ ಅಂದರೆ ಮಕ್ಕಳು ಕನ್ನಡಿ ಮುಂದೆ ಎಣಿಸುತ್ತಾ ಕೂರುತ್ತಾರೆ. ಎಣಿಕೆಯೂ ಬೇಕು, ಆದರೆ ಎಷ್ಟು ಆಳಕ್ಕಿಳಿದಿದೆ, ಕಲೆ ಉಳಿಯುತ್ತದೆಯೇ ಎನ್ನುವುದು ಇನ್ನೂ ಮುಖ್ಯ. ಮೂಗಿನ ತುಂಬ ಕಪ್ಪು ಚುಕ್ಕೆಗಳೇ ಇದ್ದರೂ ಅದು ಮೊದಲ ಹಂತ. ದವಡೆಯ ಹತ್ತಿರ ನೋಯುವ ಗಂಟು ನಾಲ್ಕೇ ಇದ್ದರೂ ಡಾಕ್ಟರ ಹತ್ತಿರ ಹೋಗಲೇಬೇಕು.

ಅದಕ್ಕೆ, ಕಣ್ಣಿಗೆ ಕಾಣುವುದನ್ನೇ ಹಂತದ ಹೆಸರು ಮಾಡಿದರೆ ಹೇಗೆ? ಚುಕ್ಕೆ, ಗುಳ್ಳೆ, ಕೀವುಗುಳ್ಳೆ, ಗಂಟು.

ಚುಕ್ಕೆಗೆ ತಕರಾರು ಬರಲಿಕ್ಕಿಲ್ಲ. ಆ ಕಪ್ಪು ಕೊಳೆಯಲ್ಲ, ರಂಧ್ರದ ಬಾಯಲ್ಲಿ ಸಿಕ್ಕಿಕೊಂಡ ಜಿಡ್ಡು ಮತ್ತು ಸತ್ತ ಚರ್ಮ ಅಂತ ಒಂದು ಸಾಲು ಸೇರಿಸಿದ್ದೇನೆ. ಇಲ್ಲದಿದ್ದರೆ ಸುಮ್ನೆ ಉಜ್ಜಿ ಉಜ್ಜಿ ಕೆಂಪು ಮಾಡಿಕೊಳ್ಳುತ್ತಾರೆ. ಇದಕ್ಕೆ ರಾತ್ರಿ ಹೊತ್ತು ಶೇ. 0.1ರ ಅಡಾಪಲೀನ್ ಜೆಲ್ (ರಂಧ್ರ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ಮದ್ದು), ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು.

‘ಗುಳ್ಳೆ’ ನನಗೇ ಅನುಮಾನ. ಸುಟ್ಟಾಗ ಏಳುವುದೂ ಗುಳ್ಳೆಯೇ, ಅದರೊಳಗೆ ನೀರಿರುತ್ತೆ. ಮೊಡವೆಯದು ಕೆಂಪಗೆ ಗಟ್ಟಿಯಾಗಿರುತ್ತೆ. ‘ಕೆಂಗುಳ್ಳೆ’ ನಡೆದೀತೇ? ಸುಶ್ರುತ ಸಂಹಿತೆಯಲ್ಲಿ ಮೊಡವೆಗೆ ಮುಖದೂಷಿಕೆ ಎಂಬ ಹೆಸರಿದೆ, ಬೂರುಗದ ಮರದ ಮುಳ್ಳಿನ ಹೋಲಿಕೆಯೂ ಇದೆ. ಬೂರುಗದ ಕಾಂಡ ನೋಡಿದವರಿಗೆ ಥಟ್ಟನೆ ಹೊಳೆಯುತ್ತೆ: ಬುಡ ಅಗಲ, ತುದಿ ಚೂಪು. ಹೋಲಿಕೆ ಇಟ್ಟುಕೊಳ್ಳುತ್ತೇನೆ, ಹೆಸರು ಬೇಡ. ಹದಿನಾರರ ಹುಡುಗಿಗೆ ‘ಮುಖ ಕೆಡಿಸುವುದು’ ಅಂತ ಹೇಳಲು ಮನಸ್ಸಿಲ್ಲ.

ಎರಡನೇ, ಮೂರನೇ ಹಂತಕ್ಕೆ ಆ ಜೆಲ್ ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್ ಎಂಬ ಹಚ್ಚುವ ಮದ್ದೂ ಸೇರುತ್ತದೆ. ಶೇ. 2.5ರದು ಸಾಕು, ಟವೆಲ್ ಬಣ್ಣ ಹೋಗುತ್ತೆ ಅಂತ ಮೊದಲೇ ಹೇಳಬೇಕು. ಗುಣ ಕಾಣಲು 8ರಿಂದ 12 ವಾರ ಬೇಕು. ಕೀವುಗುಳ್ಳೆ ತುಂಬಾ ಇದ್ದರೆ ಮಾತ್ರೆಯೂ ಬೇಕಾದೀತು, ಅದನ್ನು ಡಾಕ್ಟರೇ ಬರೆದುಕೊಡಬೇಕು. ಬೆಳ್ಳಗಾಗಲೆಂದು ಹಚ್ಚುವ ಸ್ಟೀರಾಯ್ಡ್ ಮುಲಾಮಿನಿಂದ ಮೊಡವೆ ಇನ್ನೂ ಏಳುತ್ತೆ ಎಂಬುದನ್ನು ದಪ್ಪಕ್ಷರದಲ್ಲಿ ಹಾಕುತ್ತಿದ್ದೇನೆ.

ನಿಜವಾದ ತೊಡಕು ಕೊನೆಯ ಹಂತದ್ದು. ‘ಗಡ್ಡೆ’ ಅಂದರೆ ಮನೆಯವರು ಕ್ಯಾನ್ಸರ್ ಅಂತ ಹೆದರುತ್ತಾರೆ. ‘ಕುರು’ ಅಂದರೆ ಇನ್ನೂ ಕೆಲಸ ಕೆಡುತ್ತೆ. ಕುರು ಅಂದ ಕೂಡಲೇ ಮುಂದಿನ ಮಾತು ‘ಹಣ್ಣಾಗಲಿ, ಹಿಸುಕಿದರಾಯ್ತು’. ಈ ಗಂಟನ್ನು ಹಿಸುಕಿದರೆ ಚರ್ಮದ ಒಳಗೇ ಒಡೆದು ಉರಿಯೂತ ಹೆಚ್ಚುತ್ತೆ, ಆಮೇಲೆ ಗುಳಿ ಬೀಳುತ್ತೆ. ಹಾಗಾಗಿ ಸದ್ಯಕ್ಕೆ ‘ಒಳಗಂಟು’ ಎಂದು ಬರೆದಿದ್ದೇನೆ. ಇಲ್ಲಿ ಹೆಚ್ಚಾಗಿ ಐಸೊಟ್ರೆಟಿನಾಯ್ನ್ ಮಾತ್ರೆಯ ಮಾತು ಬರುತ್ತೆ. ‘ಗರ್ಭಿಣಿಯರಿಗೆ ನಿಷಿದ್ಧ’ ಎಂದಷ್ಟೇ ಬರೆದರೆ ಸಾಲದು. ‘ಈ ಮಾತ್ರೆ ತೆಗೆದುಕೊಳ್ಳುವಾಗ, ನಿಲ್ಲಿಸಿದ ಮೇಲೂ ಒಂದು ತಿಂಗಳು, ಬಸುರಿಯಾಗಬಾರದು, ಮಗುವಿಗೆ ಊನವಾಗುತ್ತೆ’ ಎಂದು ಬಿಡಿಸಿ ಬರೆದಿದ್ದೇನೆ.

ಇನ್ನು ‘ಕಲೆ’. ತಿಂಗಳುಗಳಲ್ಲಿ ಮಾಸುವ ಕಂದು ಗುರುತಿಗೂ ಮಾಸದ ಗುಳಿಗೂ ಜನ ಕಲೆ ಅನ್ನುತ್ತಾರೆ. ನಾನು ಕಲೆ, ಗುಳಿ ಅಂತ ಬೇರೆ ಮಾಡಿದ್ದೇನೆ.

ನಿಮ್ಮ ಕಡೆ, ಮುಖ್ಯವಾಗಿ ಕರಾವಳಿ ಮತ್ತು ಧಾರವಾಡದ ಕಡೆ, ಹಣ್ಣಾಗದೆ ಒಳಗೇ ಉಳಿದು ನೋಯುವ ಗಂಟಿಗೆ ಬೇರೆ ಹೆಸರಿದೆಯೇ? ‘ಬೊಕ್ಕೆ’ ಅಲ್ಲಿಗೆ ಒಗ್ಗುತ್ತದೆಯೇ, ಅಥವಾ ಅದು ಬೇಸಿಗೆಯಲ್ಲಿ ಏಳುವುದಕ್ಕೆ ಮಾತ್ರವೇ?