ಪದ ಬೇಕಾಗಿದೆ: ರಿಯಾಕ್ಟರ್‌ನ ‘ಫೀಡ್‌ಬ್ಯಾಕ್’‌ಗೆ ‘ಪ್ರತಿಕ್ರಿಯೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ ಸಿಕ್ಕಿಕೊಂಡು ಎರಡು ವಾರ ಆಯ್ತು. ನಮ್ಮ ಕಾರ್ಖಾನೆಯಲ್ಲಿ ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಸುವ ತೊಟ್ಟಿ) ನೋಡಿಕೊಳ್ಳುವ ಹುಡುಗರಿಗೆ ಕನ್ನಡದಲ್ಲಿ ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಈ ಸಾಲು ಬಂತು: ‘ಪ್ರತಿಕ್ರಿಯೆಯ ವೇಗವನ್ನು ಪ್ರತಿಕ್ರಿಯೆಯಿಂದಲೇ ಹತೋಟಿಯಲ್ಲಿಡಬಹುದು.’ ಬರೆದವನಿಗೇ ನಗು ಬಂತು. ಮೊದಲನೆಯದು ರಿಯಾಕ್ಷನ್, ಎರಡನೆಯದು ಫೀಡ್‌ಬ್ಯಾಕ್, ಅಂದರೆ ಆದ ಪರಿಣಾಮವೇ ಮರಳಿ ಬಂದು ಅದರ ಕಾರಣವನ್ನು ಏರಿಸುವುದು ಅಥವಾ ಇಳಿಸುವುದು. ಓದುವವರಿಗೆ ಹೇಗೆ ಗೊತ್ತಾಗಬೇಕು?

ರಿಯಾಕ್ಷನ್‌ಗೆ ‘ಕ್ರಿಯೆ’ ಸಾಕು, ಶಾಲೆಯ ಪುಸ್ತಕದಲ್ಲೂ ‘ರಾಸಾಯನಿಕ ಕ್ರಿಯೆ’ ಅಂತಲೇ ಇದೆ. ಆದರೆ ನೆಗೆಟಿವ್ ಫೀಡ್‌ಬ್ಯಾಕ್? ‘ಋಣಾತ್ಮಕ ಪ್ರತಿಕ್ರಿಯೆ’ ಅಂದರೆ ಯಾರೋ ಹೋಟೆಲ್‌ಗೆ ಒಂದೇ ಸ್ಟಾರ್ ಕೊಟ್ಟ ಹಾಗೆ ಕೇಳಿಸುತ್ತದೆ. ರಿಯಾಕ್ಟರ್ ಮಟ್ಟಿಗೆ ಕಾಪಾಡುವುದೇ ಅದು. ಬಿಸಿ ಏರಿದರೆ ಜಾಕೆಟ್‌ಗೆ (ತೊಟ್ಟಿಯ ಸುತ್ತಲಿನ ನೀರಿನ ಹೊದಿಕೆಗೆ) ತಣ್ಣೀರು ಜಾಸ್ತಿ ಬಿಡು, ಇಳಿದರೆ ಕಮ್ಮಿ ಮಾಡು. ಅಷ್ಟೇ. ಪ್ರಾಣ ತೆಗೆಯುವುದು ‘ಧನಾತ್ಮಕ’ದ್ದು. ಬಿಸಿ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಎರಡು ಪಟ್ಟು ಅನ್ನುವುದು ಕೈಲೆಕ್ಕ. ವೇಗ ಹೆಚ್ಚಿದರೆ ಇನ್ನಷ್ಟು ಬಿಸಿ, ಅದರಿಂದ ಇನ್ನಷ್ಟು ವೇಗ. ಒಲೆ ಮೇಲಿನ ಹಾಲು ಉಕ್ಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪದ ಯಾಕೆ ಸರಿಯಾಗಿರಬೇಕು ಅನ್ನಲು ಒಂದು ಉದಾಹರಣೆ. ಬಿಸಿ ಹೊಮ್ಮಿಸುವ ಕ್ರಿಯೆ ನಡೆಯುವ, ಸದಾ ಕಲಕುತ್ತಿರುವ ತೊಟ್ಟಿ ಅಂದುಕೊಳ್ಳಿ. ಉಷ್ಣತೆಯ ಜೊತೆ, ಹುಟ್ಟುವ ಬಿಸಿಯ ಗೆರೆ ಮೊದಲು ಮೆಲ್ಲಗೆ ಏರುತ್ತದೆ, ನಡುವೆ ಕಡಿದಾಗಿ ಏರುತ್ತದೆ, ಕೊನೆಗೆ ಮಟ್ಟಸವಾಗುತ್ತದೆ (ಸರಕೇ ಮುಗಿದಿರುತ್ತಲ್ಲ). ಜಾಕೆಟ್ ಹೊತ್ತೊಯ್ಯುವ ಬಿಸಿಯದ್ದು ನೇರ ಗೆರೆ. ಕೆಲವು ರಿಯಾಕ್ಟರ್‌ಗಳಲ್ಲಿ ಇವೆರಡೂ ಮೂರು ಕಡೆ ಕೂಡುತ್ತವೆ, ಅಂದರೆ ಅಲ್ಲಿ ಹುಟ್ಟುವ ಬಿಸಿ, ಹೊರಹೋಗುವ ಬಿಸಿ ಸಮ. ಕೆಳಗಿನ ಕಡೆ ಕ್ರಿಯೆ ತೂಕಡಿಸುತ್ತಿರುತ್ತದೆ. ಮೇಲಿನ ಕಡೆ ಮಾಲು ಸುಟ್ಟು ಹಾಳಾಗಬಹುದು. ನಮಗೆ ಬೇಕಾದ್ದು ಎಷ್ಟೋ ಸಲ ನಡುವಿನದು, ಅದು ತಾನಾಗಿ ನಿಲ್ಲುವುದಿಲ್ಲ. ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ ಕ್ಷಣ ಕ್ಷಣಕ್ಕೂ ನೋಡಿ, ತಿದ್ದಿ, ನಿಲ್ಲಿಸಬೇಕು. ಅಮೆರಿಕದ ಮಿನೆಸೋಟಾದಲ್ಲಿ ಏರಿಸ್ ಮತ್ತು ಅಮಂಡ್ಸನ್ ಎಂಬ ಕೆಮಿಕಲ್ ಎಂಜಿನಿಯರಿಂಗ್ ವಿದ್ವಾಂಸರು 1958ರಲ್ಲಿ ಇದನ್ನೇ ಗಣಿತದಲ್ಲಿ ಬಿಡಿಸಿದರು. ರಿಯಾಕ್ಟರ್ ತಾನಾಗಿ ನಿಲ್ಲದ ಜಾಗದಲ್ಲಿ ಅದರಿಂದ ಕೆಲಸ ತೆಗೆಸುವುದು, ಫೀಡ್‌ಬ್ಯಾಕ್‌ನ ನಿಜವಾದ ಲಾಭ ಇದು.

ಮೇಷ್ಟ್ರುಗಳ ತರಬೇತಿಯಲ್ಲಿ ‘ಹಿಮ್ಮಾಹಿತಿ’ ಅನ್ನುತ್ತಾರೆ. ಪರವಾಗಿಲ್ಲ, ಆದರೆ ಅದರಲ್ಲಿ ನೋಡುವುದು ಮಾತ್ರ ಇದೆ, ತಿದ್ದುವುದು ಇಲ್ಲ. ನನಗೆ ಹೊಳೆದದ್ದು ‘ಮರುಸುಳಿವು’. ಥರ್ಮಾಮೀಟರ್‌ನಿಂದ ವಾಲ್ವ್‌ಗೆ ಮರಳುವ ಸುಳಿವು. ಲೂಪ್‌ಗೆ ‘ಸುತ್ತು’. ಆಗ ನೆಗೆಟಿವ್ ‘ತಗ್ಗಿಸುವ ಸುತ್ತು’, ಪಾಸಿಟಿವ್ ‘ಹಿಗ್ಗಿಸುವ ಸುತ್ತು’. ಋಣ–ಧನದ ಗೊಂದಲವೂ ಇಲ್ಲ, ಅಲ್ವಾ? ಆದರೂ ‘ಮರುಸುಳಿವು’ ಸ್ವಲ್ಪ ಪತ್ತೇದಾರಿ ಕಾದಂಬರಿಯ ಪದದಂತಿದೆ ಅಂತ ಮನೆಯಾಕೆಯ ತಕರಾರು. ಅದೂ ಸುಳ್ಳಲ್ಲ.

ಇನ್ನೊಂದು ಪದವೂ ಬೇಕು. ಸುಳಿವು ತಡವಾಗಿ ಬಂದು, ವಾಲ್ವ್ ಅತಿಯಾಗಿ ತೆರೆದರೆ ಉಷ್ಣತೆ ಮೇಲೆ ಕೆಳಗೆ ಆಡುತ್ತದೆ. ಬಚ್ಚಲಲ್ಲಿ ಬಿಸಿನೀರು ಬರಲಿಲ್ಲ ಅಂತ ನಲ್ಲಿ ಪೂರ್ತಿ ತಿರುಗಿಸಿ, ಆಮೇಲೆ ಬೆನ್ನು ಸುಟ್ಟುಕೊಂಡು ಮತ್ತೆ ತಣ್ಣೀರಿಗೆ ಹಾರಿದ ಹಾಗೆ. ಇದಕ್ಕೆ ‘ಆಂದೋಲನ’ ಎಂಬ ಪದ ಇದೆ. ಆದರೆ ‘ಪ್ಲಾಂಟಿನಲ್ಲಿ ಆಂದೋಲನ ಶುರುವಾಗಿದೆ’ ಅಂತ ಬರೆದರೆ ಮ್ಯಾನೇಜರು ಪೊಲೀಸರಿಗೇ ಫೋನ್ ಮಾಡಿಯಾರು. ‘ಓಲಾಟ’, ‘ಹೊಯ್ದಾಟ’ ಎರಡೂ ಇಟ್ಟುಕೊಂಡಿದ್ದೇನೆ. ನಮ್ಮ ಹುಡುಗರು ಮಾತ್ರ ‘ಸಾರ್, ಟೆಂಪರೇಚರ್ ಕುಣೀತಾ ಇದೆ’ ಅಂತಾರೆ. ಕೈಪಿಡಿಯಲ್ಲಿ ‘ಕುಣಿತ’ ಅಂತಲೇ ಹಾಕಿದರೆ ನಿಮಗೇನಾದರೂ ಅಭ್ಯಂತರವಾ?