ಸಹಾಯ ಬೇಕು: ಅಮ್ಮನ ಎಲ್‌ಡಿಎಲ್ ಇಳಿಯುತ್ತಿಲ್ಲ, ಕಾಯಿತುರಿ ಬಿಡಿಸಬೇಕಾ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಮ್ಮನಿಗೆ 61 ವರ್ಷ. ಮೂರು ತಿಂಗಳ ಹಿಂದೆ ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 168 ಬಂತು. ಶುಗರ್, ಬಿಪಿ ಎರಡೂ ಇಲ್ಲ. ಡಾಕ್ಟರು, ಮಾತ್ರೆ ಈಗಲೇ ಬೇಡ, ಮೊದಲು ಊಟ ಸರಿ ಮಾಡಿಕೊಳ್ಳಿ ಅಂದರು.

ಆವತ್ತಿಂದ ಮೊಟ್ಟೆ ಬಂದ್. ಬೇಕರಿ ತಿಂಡಿ, ಕರಿದದ್ದು ಕೂಡ ಇಲ್ಲ. ದಿನಾ ಸಂಜೆ ತೋಟದ ತುದಿಯವರೆಗೆ ನಡೆಯುತ್ತಾರೆ. ಮೊನ್ನೆ ನೋಡಿಸಿದರೆ 161. ಇಷ್ಟೆಲ್ಲ ಬಿಟ್ಟು ಇಳಿದಿದ್ದು ಏಳೇ ಅಂತ ಅಮ್ಮ ಸಪ್ಪಗಾಗಿದ್ದಾರೆ.

ನಮ್ಮ ಮನೆಯಲ್ಲಿ ಒಗ್ಗರಣೆಗೆ ಕೊಬ್ಬರಿ ಎಣ್ಣೆ. ಕಡುಬು ಬಿಸಿ ಇರುವಾಗಲೇ ಮುರಿದು ಮಧ್ಯೆ ಒಂದು ಚಮಚ ತುಪ್ಪ ಬಿಡಬೇಕು. ಸಾರು, ಪಲ್ಯ, ಚಟ್ನಿ ಎಲ್ಲಕ್ಕೂ ಕಾಯಿತುರಿ. ಎಣ್ಣೆ ಪ್ಯಾಕೆಟ್ ಮೇಲೆ ಕೊಲೆಸ್ಟ್ರಾಲ್ ಇಲ್ಲ ಅಂತಿದೆ, ಅದು ನಿಜವೇ. ಗಿಡದಿಂದ ಬಂದ ಎಣ್ಣೆಯಲ್ಲಿ ಅದು ಇರುವುದಿಲ್ಲ ಅನ್ನಬಹುದು. ಆದರೆ ಕೊಬ್ಬರಿ ಎಣ್ಣೆಯಲ್ಲಿ 80 ಶೇಕಡಾಕ್ಕಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು. ಅದು ಹೆಚ್ಚಾದರೆ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಲಿವರ್ ಸರಿಯಾಗಿ ಎಳೆದುಕೊಳ್ಳುವುದಿಲ್ಲವಂತೆ. ಅಂದರೆ ನಾವು ಮೊಟ್ಟೆ ಬಿಟ್ಟು ಮುಖ್ಯವಾದದ್ದನ್ನೇ ಮುಟ್ಟಲಿಲ್ಲ, ಅಲ್ವಾ?

ಎಣ್ಣೆ ಬದಲಾಯಿಸುತ್ತೇವೆ, ತುಪ್ಪ ಕಮ್ಮಿ ಮಾಡುತ್ತೇವೆ. ಗೊಂದಲ ಇರುವುದು ಕಾಯಿತುರಿ ವಿಷಯದಲ್ಲಿ. ಅದರಲ್ಲಿ ನಾರು, ನೀರು ಇದೆ, ಬರೀ ಎಣ್ಣೆ ಅಲ್ಲ. ಆದರೆ ಕೊಬ್ಬು ಅದೇ ತಾನೇ? ಕಾಯಿ ಇಲ್ಲದ ಊಟ ಅಮ್ಮನಿಗೆ ಗಂಟಲಲ್ಲಿ ಇಳಿಯುವುದಿಲ್ಲ.

ಆಹಾರ ತಜ್ಞರು, ಎಲ್‌ಡಿಎಲ್ ಇಳಿಸಿಕೊಂಡವರು ದಯವಿಟ್ಟು ಹೇಳಿ: ಕಾಯಿತುರಿ ಪೂರ್ತಿ ಬಿಡಬೇಕಾ, ಇಲ್ಲ ಒಬ್ಬರಿಗೆ ದಿನಕ್ಕೆ ಎಷ್ಟು ಚಮಚ ಇಟ್ಟುಕೊಳ್ಳಬಹುದು?